ದೊಡ್ಡಪ್ಪನ ಕಿಡ್ನಿ

ಮಾರ್ಚ್ 4

ಪಶು ಕ್ಲಿನಿಕ್ಕಿನ ಘನವಾದ ಸ್ಕ್ಯಾನಿಂಗ್ ಕೋಣೆಯಲ್ಲಿ ಇಂದು ಮೂರು ಹೊಟ್ಟೆಗಳ ದರ್ಶನ. ಎರಡು ನಾಯಿ, ಒಂದು ಬೆಕ್ಕು. ಬೆಕ್ಕು ಕಚ್ಚಿತು. ಟ್ರೈನಿಯಾಗಿ ಸೇರಿದ ಮೇಲೆ ಸಿಕ್ಕ ಮೊದಲ ಪ್ರಶಸ್ತಿ.

ಒಂದು ನಾಯಿಯ ಕಿಡ್ನಿ ತೋರಿಸಿ ಡಾಕ್ಟರಮ್ಮ ಕೇಳಿದರು, "ಇದು ದೊಡ್ಡದೋ ಚಿಕ್ಕದೋ?"

"ಕಿಡ್ನಿಯನ್ನೇ ಕೇಳಿ ಹೇಳ್ತೀನಿ ಮೇಡಂ."

"ಅದನ್ನ ಕೇಳಬೇಡ. ಪಕ್ಕದಲ್ಲಿರೋ ಅಯೋರ್ಟಾನ ಕೇಳು."

ವಿಷಯ ಇಷ್ಟೇ. ಮೊಲದಷ್ಟಿರೋ ನಾಯಿಯೂ ಇದೆ, ಕರುವಿನಷ್ಟಿರೋದೂ ಇದೆ. ಬರೀ ಉದ್ದ ಅಳೆದರೆ ಏನೂ ಗೊತ್ತಾಗಲ್ಲ. ಅದನ್ನು ಅದೇ ನಾಯಿಯ ಅಯೋರ್ಟಾ ಅನ್ನೋ ದೊಡ್ಡ ರಕ್ತನಾಳದ ಅಗಲದಿಂದ ಭಾಗಿಸಬೇಕು. ಐದೂವರೆಯಿಂದ ಒಂಬತ್ತರ ಒಳಗೆ ಬಂದರೆ ಕ್ಷೇಮ.

ಅಭ್ಯಾಸಕ್ಕೆ ಮನೆಯಿಂದ ದೊಡ್ಡಪ್ಪನನ್ನು ತರಲು ಅಪ್ಪಣೆಯಾಗಿದೆ.

ಮಾರ್ಚ್ 5

ದೊಡ್ಡಪ್ಪ ಅಂದರೆ ನಮ್ಮ ನಾಯಿ. ಮರಿಯಾಗಿ ಬಂದ ದಿನವೇ ಅಪ್ಪನ ಅಣ್ಣನ ಕುರ್ಚಿ ಹತ್ತಿ, ಅವರ ಹಾಗೇ ಗೊರಕೆ ಹೊಡೆದ. ಹೆಸರಿಟ್ಟವಳು ನಾನೇ. ಅಸಲಿ ದೊಡ್ಡಪ್ಪ ಅವತ್ತಿನಿಂದ ನನ್ನ ಜೊತೆ ಅಳೆದು ತೂಗಿ ಮಾತಾಡ್ತಾರೆ. ನಾಯಿಯನ್ನು ಆ ಹೆಸರಲ್ಲಿ ಕರೆದೇ ಇಲ್ಲ. "ಲೇ, ಇವನೇ" ಅಂತಾರೆ. ಆದರೆ ವಾಕಿಂಗ್ ಬೆಲ್ಟ್ ಮಾತ್ರ ಬೇರೆ ಯಾರ ಕೈಗೂ ಕೊಡಲ್ಲ. ಜೇಬಲ್ಲಿ ಅವನಿಗೇ ಅಂತ ಬಿಸ್ಕತ್ತು.

ಮನೆಯಲ್ಲಿ ಗೊಂದಲವಿಲ್ಲ. "ದೊಡ್ಡಪ್ಪ, ಬಾ" ಅಂದರೆ ನಾಯಿ. "ದೊಡ್ಡಪ್ಪ, ಬನ್ನಿ" ಅಂದರೆ ಅವರು. ವ್ಯಾಕರಣಕ್ಕೆ ಜಯವಾಗಲಿ.

ಮಾರ್ಚ್ 6, ಮಧ್ಯಾಹ್ನ

ಹೊಟ್ಟೆ ಬೋಳಿಸಿದೆ. ಜೆಲ್ ಹಚ್ಚಿದೆ. ದೊಡ್ಡಪ್ಪ ಸನ್ಮಾನಕ್ಕೆ ಕಾದವನ ಹಾಗೆ ಅಂಗಾತ ಮಲಗಿದ. ಎಡ ಕಿಡ್ನಿ ಸಿಕ್ಕಿತು. ಅಳೆದೆ. ಭಾಗಿಸಿದೆ.

ನಾಲ್ಕು ಪಾಯಿಂಟ್ ಮೂರು.

ಹೊಟ್ಟೆ ಮೇಲೆ ಆಡಿಸೋ ಪ್ರೋಬ್ ಓರೆಯಾದರೆ ಕಿಡ್ನಿ ಗಿಡ್ಡ ಕಾಣುತ್ತೆ. ಓರೆಯಾಗಿರಬೇಕು. ನಾನು ಯಾವತ್ತು ಏನನ್ನ ನೆಟ್ಟಗೆ ಹಿಡಿದಿದ್ದೀನಿ...

ಡಾಕ್ಟರಮ್ಮ ಬಂದು ನೆಟ್ಟಗೆ ಹಿಡಿದರು. ನಾಲ್ಕು ಪಾಯಿಂಟ್ ಎರಡು. ಬಲಗಡೆಯದು ಪಕ್ಕೆಲುಬಿನಡಿ ಅಡಗಿರುತ್ತೆ. ಹುಡುಕಿದರು. ಅದೂ ಅಷ್ಟೇ.

"ನೀರು ಜಾಸ್ತಿ ಕುಡೀತಾನಾ?"

"ಬಕೆಟ್ ಖಾಲಿ ಮಾಡ್ತಾನೆ. ನಾವು ಚಪ್ಪಾಳೆ ತಟ್ತೀವಿ."

ನಗಲಿಲ್ಲ. ರಕ್ತ ತೆಗೆದರು. ನಾನು ಜೆಲ್ ಒರೆಸಿದೆ. ಚೆನ್ನಾಗಿಯೇ ಒರೆಸಿದೆ.

ಮಾರ್ಚ್ 7

ರಕ್ತದ ರಿಪೋರ್ಟ್ ಕೂಡ ಅದನ್ನೇ ಹೇಳಿತು.

"ಕುಗ್ಗಿದ ಕಿಡ್ನಿ ಮತ್ತೆ ಹಿಗ್ಗಲ್ಲ ಕಣೇ," ಅಂದರು ಡಾಕ್ಟರಮ್ಮ. "ಡ್ರಿಪ್, ಪಥ್ಯ. ಬಿಸ್ಕತ್ತು ಗಿಸ್ಕತ್ತು ಬಂದ್. ಕೆಲವು ತಿಂಗಳು ಸಿಗಬಹುದು."

ಮನೆಯ ಗ್ರೂಪ್‌ಗೆ ಮೆಸೇಜ್ ಹಾಕಿದೆ — ದೊಡ್ಡಪ್ಪನ ಕಿಡ್ನಿ ಎರಡೂ ಸಣ್ಣ. ವಾಸಿ ಇಲ್ಲ.

ಅಮ್ಮ ಆಫೀಸಿನಿಂದ ಅಳುತ್ತಾ ಓಡಿಬಂದಳಂತೆ. ಅಸಲಿ ದೊಡ್ಡಪ್ಪ ಬಾಗಿಲಲ್ಲಿ ಪೇಪರ್ ಓದುತ್ತಾ ನಿಂತಿದ್ದರಂತೆ. ಅವರ ಕೈ ಹಿಡಿದು ಕೂರಿಸಿ, ನೀರು ಕುಡಿಸಿದ್ದಾಳೆ.

ಬಾ-ಬನ್ನಿ ಥರದ ಕ್ರಿಯಾಪದ ಹಾಕಿರಲಿಲ್ಲ. ಅದೊಂದೇ ತಪ್ಪು.

"ಏನೇ ಕೋತಿ, ಇದೂ ಒಂದು ತಮಾಷೇನಾ?" ಸಂಜೆ ಅಮ್ಮ ಬೈದಳು.

"ನಾಯಿದಮ್ಮಾ. ನಿಜವಾಗ್ಲೂ."

"ಸುಳ್ಳು," ಅಂದರು ದೊಡ್ಡಪ್ಪ. "ನನ್ನ ಕನ್ನಡಕಕ್ಕೆ ಜ್ವರ ಅಂತ ಥರ್ಮಾಮೀಟರ್ ಕಟ್ಟಿದವಳು ತಾನೇ ನೀನು?"

ಹೌದು. ನಾನೇ.

"ಬಿಸ್ಕತ್ತು ಕೊಡಬೇಡಿ ದೊಡ್ಡಪ್ಪ. ಇರೋ ದಿನಾನೂ ಕಮ್ಮಿಯಾಗುತ್ತೆ."

"ಓಹೋ. ಈಗ ಬಿಸ್ಕತ್ತಿನ ಮೇಲೆ ಕಣ್ಣು."

ಮುಖ ಗಂಭೀರ ಮಾಡಿಕೊಂಡು ನಿಂತೆ. ತಮಾಷೆಗೂ ಅದೇ ಮುಖ ಬಳಸೋದು. ನನ್ನ ಹತ್ತಿರ ಬೇರೆ ಇಲ್ಲ.

ಮಾರ್ಚ್ 9

ದೊಡ್ಡಪ್ಪ ಕ್ಲಿನಿಕ್ಕಿಗೇ ಬಂದರು. ಕೈಯಲ್ಲಿ ಬೆಲ್ಟ್, ಬೆಲ್ಟಿನ ತುದಿಗೆ ಅವನು.

"ತೋರಿಸು."

ತೋರಿಸಿದೆ. ಇದು ಕಿಡ್ನಿ. ಇದು ಅಯೋರ್ಟಾ. ಅಳತೆ ಓದಿದೆ. ಭಾಗಾಕಾರ ಬಾಯಲ್ಲೇ ಮಾಡಿದರು.

"ಎಷ್ಟಿರಬೇಕು ಅಂದೆ?"

"ಕಮ್ಮಿ ಅಂದ್ರೂ ಐದೂವರೆ."

"ಇನ್ನೊಂದ್ಸಲ ಅಳೆ."

ಅಳೆದೆ.

"ಇನ್ನೊಂದ್ಸಲ."

ಅಳೆದೆ. ಪ್ರೋಬ್ ನೆಟ್ಟಗೇ ಇತ್ತು. ಅವರು ಜೇಬಿನಿಂದ ಬಿಸ್ಕತ್ತು ಒಂದೊಂದಾಗಿ ತೆಗೆದು ಟೇಬಲ್ ಮೇಲಿಟ್ಟರು. ಪುಡಿಯನ್ನೂ ಕೊಡವಿದರು. ಅವನು ಕತ್ತೆತ್ತಿ ನೋಡಿದ.

ಏಪ್ರಿಲ್ 21

ಬೆನ್ನಿನ ಚರ್ಮದಡಿ ಡ್ರಿಪ್. ದೊಡ್ಡಪ್ಪ ಬಾಟಲಿ ಎತ್ತಿ ಹಿಡಿದಿದ್ದರು. ಸ್ಟ್ಯಾಂಡ್ ಇದೆ ಅಂದೆ. ಕೇಳಿಸಲಿಲ್ಲವೇನೋ.

"ಲೇ, ಇವನೇ, ಒಂಚೂರು ತಡ್ಕೋ."

ಇವತ್ತು ತಮಾಷೆ ಏನೂ ಹೊಳೆಯಲಿಲ್ಲ. ಹುಡುಕಲೂ ಇಲ್ಲ.

ಜೂನ್ 2

ಕೊನೆಯ ಇಂಜೆಕ್ಷನ್ ಡಾಕ್ಟರಮ್ಮ ಕೊಟ್ಟರು. ಕಾಲು ನಾನು ಹಿಡಿದಿದ್ದೆ. ಅವನ ತಲೆ ದೊಡ್ಡಪ್ಪನ ತೊಡೆ ಮೇಲಿತ್ತು. ಬೋಳಿಸಿದ ಜಾಗದಲ್ಲಿ ಕೂದಲು ಇನ್ನೂ ಪೂರ್ತಿ ಬಂದಿರಲಿಲ್ಲ.

ಮಧ್ಯಾಹ್ನ ಒಂದು ಪುಟ್ಟ ಬಿಳಿ ನಾಯಿ ಸ್ಕ್ಯಾನಿಗೆ ಬಂತು. ಮಾಡಿದೆ. ಏಳು. ನಾರ್ಮಲ್.

ಜೂನ್ 5, ಸಂಜೆ

ತಟ್ಟೆ ಇಟ್ಟೆ. ಬಾಯಿ ತಪ್ಪಿ ಕೂಗಿದೆ — ದೊಡ್ಡಪ್ಪ, ಬಾ.

ಅಮ್ಮನ ಸೌಟು ಅಲ್ಲೇ ನಿಂತಿತು. "ಬನ್ನಿ" ಅಂತ ತಿದ್ದಬೇಕಿತ್ತು. ತಿದ್ದಲಿಲ್ಲ.

ಒಳಗೆ ಕುರ್ಚಿ ಕಿರುಗುಟ್ಟಿತು.

"ಬಂದೆ ಕಣೇ."

ಬಂದರು. ಕೈಯಲ್ಲಿ ಬೆಲ್ಟ್. ಅದನ್ನು ಎಲ್ಲಿಡೋದು ಅಂತ ನನ್ನ ಮುಖ ನೋಡಿದರು. ನಾನು ಏನಾದರೂ ತಮಾಷೆ ಮಾಡೋ ಮೊದಲೇ ಅದನ್ನು ನನ್ನ ಕೈಗೆ ಕೊಟ್ಟರು.