ವಜ್ರಮುಖ ಸಾಮ್ರಾಟನಿಗೆ ಇಟ್ಟ ಕುಂಕುಮ

ಶಾಲಿವಾಹನ ಶಕ ೨೩೧೯, ಈ ವರ್ಷದ ಮೂರನೆಯ ಅಧಿಕಮಾಸ, ಸೋಮವಾರ
ಮೇಲ್ಸೇತುವೆ ಊರು, ಕಂಬ ೨೧೪

ಹಿರಿಯಜ್ಜ ನಿಶ್ಚಲ್ ಅವರ ಪಾದಗಳಿಗೆ ಚಿಕ್ಕತಾಯಮ್ಮ ಮಾಡುವ ನಮಸ್ಕಾರಗಳು.

ಇವತ್ತು ಸೋಮವಾರದ ಉಪವಾಸ. ಸೇತುವೆ ಗುಡಿಸಿ, ಟಾರಿನ ಮೇಲೆ ರಂಗೋಲಿ ಬಿಟ್ಟು, ಬಿಸಿಲುಹಸುವಿನ ಮೈ ಒರೆಸಿ ಬಂದು ಕೂತಿದ್ದೇನೆ. ಬಿಸಿಲುಹಸು ಎಂದರೆ ಹಸುವಲ್ಲ, ಬಿಸಿಲು ಕುಡಿದು ಕರೆಂಟು ಕೊಡುವ ಹಲಗೆ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮಗಿನ್ನೂ ಇಪ್ಪತ್ತಮೂರು, ನನಗೆ ಐವತ್ತು. ಆದರೂ ಹತ್ತು ತಲೆಮಾರು ಹಿಂದಿನವರನ್ನು ಅಜ್ಜ ಎನ್ನದೆ ಇನ್ನೇನೆನ್ನಲಿ? ಹಿನ್ನಂಚೆ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಮನೆಗೊಂದೇ ಸಲ ಸಿಗುವುದು; ನಿಮ್ಮ ಉತ್ತರ ನೀವು ಗುರುತು ಹಾಕಿದ ದಿನ ಇಲ್ಲಿಗೆ ಮುಟ್ಟುತ್ತದೆ. ಅದನ್ನು ನಿಮ್ಮ ಗೋಡೆಯ ಪಟಗಳ ಸಲುವಾಗಿ ಮುಗಿಸುತ್ತಿದ್ದೇನೆ.

ನಿಮ್ಮ ಟ್ರಂಕಿನಲ್ಲಿ ಕಟ್ಟು ಹಾಕಿಸಿದ ಮೂರು ಪಟ ಸಿಕ್ಕವು. ಸುಣ್ಣ ಬಳಿದ ಮೇಲೆ ದೇವರ ಸಾಲಿನಲ್ಲೇ ತೂಗುಹಾಕಿದೆ. ಕಟ್ಟು ಹಾಕಿದ್ದು ಕಂಡರೆ ಕೈ ತಾನಾಗಿ ಕುಂಕುಮ ಇಡುತ್ತದೆ, ಇಟ್ಟುಬಿಟ್ಟೆ. ತಪ್ಪು ನನ್ನದೇ. ಕುಂಕುಮ ಬಿದ್ದ ಪಟದ ಮಾತು ನಮ್ಮೂರಿಗೆ ಅಪ್ಪಣೆ.

ಮೊದಲನೆಯದರಲ್ಲಿ “ಮಾತಿನಲ್ಲಿ ಎಚ್ಚರ, ಗೂಬೆಗಳು ಸಾಮ್ರಾಜ್ಯದ ಶತ್ರುಗಳು” ಎಂದಿದೆ. ಅಂದಿನಿಂದ ಗೂಬೆ ಕೂಗಿದರೆ ಜಗಳವನ್ನೂ ಅರ್ಧಕ್ಕೆ ನಿಲ್ಲಿಸುತ್ತೇವೆ. ಎರಡನೆಯದು “ಒಂದು ತುತ್ತು ಬಿಡಿ, ಡ್ರ್ಯಾಗನ್‌ಗೂ ಹಸಿವಿದೆ.” ದಿನಾ ಎಡೆ ಇಡುತ್ತೇವೆ, ಕಾಗೆಗಳು ಕೊಬ್ಬಿವೆ. ಮೂರನೆಯದರಲ್ಲಿ ಕಬ್ಬಿಣದ ಮೋರೆಯವನೊಬ್ಬ ರೆಕ್ಕೆಯ ಸಿಂಹದ ಮೇಲೆ ಕೂತು ಬೆರಳು ತೋರುತ್ತಾನೆ: “ವಜ್ರಮುಖ ಸಾಮ್ರಾಟನಿಗೆ ನಿಮ್ಮ ಮನೆಯ ಒಬ್ಬರು ಬೇಕು. ಪಡುವಣದ ನೆರಳುಪಡೆಯನ್ನು ಅಳಿಸಿ.”

ಮನೆಗೊಬ್ಬರು ಈಟಿ ಹಿಡಿದಿದ್ದಾರೆ. ಪಟ ನಮ್ಮದಾದ್ದರಿಂದ ನಮ್ಮ ಯಜಮಾನರೇ ದಂಡನಾಯಕರು. “ದೊರೆ ಕರೆದಾಗ ಮಂಡಿನೋವು ಅನ್ನಕ್ಕಾಯ್ತದೇನಮ್ಮಿ?” ಅಂದರು. “ನೀರು ತನ್ನಿ ಅಂದಾಗ ಆಯ್ತಿತ್ತಲ್ಲ” ಅಂದೆ. ಅವರು ಈಟಿ ಮಸೆಯಲು ಕೂತರು.

ಅಜ್ಜ, ಪಡುವಣಕ್ಕೆ ನಡೆದರೆ ಸಿಗುವುದು ನಮ್ಮ ಬೀಗರ ಊರೊಂದೇ. ಮಗಳು ಮಂಗಳೆಯನ್ನು ಕೊಟ್ಟಿರುವುದು ಅಲ್ಲಿಗೇ. ಐದು ತಿಂಗಳ ಬಸುರಿ. ಮಡಿಲಕ್ಕಿ ಹಿಡಿದು ಹೋಗಬೇಕಾದ ಅಪ್ಪ ಈಟಿ ಹಿಡಿದು ಹೋಗುವುದೇ?

ಪಟದ ಹಿಂದೆ “ಹಾಲಿಗೂ ಬೆಡ್‌ರೂಮಿಗೂ ಒಪ್ಪುತ್ತದೆ” ಎಂದು ಅಚ್ಚಾಗಿದೆ. ಎರಡನ್ನೂ ಆಳಿದ ದೊರೆ ಎಂದು ಊರ ಹಿರಿಯರು ಅರ್ಥ ಹೇಳಿದರು. ನನಗೇನೋ ಇದು ಗೋಡೆಯ ಅಂದಕ್ಕೆ ತಂದದ್ದೆಂದೇ ಅನುಮಾನ. ಆದರೆ ಕುಂಕುಮ ಇಟ್ಟವಳೇ ಇದು ಅಪ್ಪಣೆಯಲ್ಲವೆಂದರೆ ಶಿವ ಮೆಚ್ಚುವನೇ? ಕೊಂಡವರು ನೀವು. ಇಂಥ ಸಾಮ್ರಾಜ್ಯ ಇರಲೇ ಇಲ್ಲವೆಂದು ನಿಮ್ಮ ಕೈಯಾರೆ ಬರೆದುಕೊಡಿ. ಆದರೆ ನಿಮ್ಮ ಬರಹಕ್ಕೂ ಊರ ಹಿರಿಯರು ಬೇರೆ ಅರ್ಥ ಹೇಳಿಯಾರು.

ಪಡೆ ಹೊರಡಲು ಅಧಿಕಮಾಸದಲ್ಲೂ ಹುಡುಕಿ ತೆಗೆದ ಒಂದೇ ಮುಹೂರ್ತ ಗುರುವಾರ, ದಂಡನಾಯಕರಿಲ್ಲದೆ ಕದಲುವಂತಿಲ್ಲ. ಅದು ತಪ್ಪಿದರೆ ಮತ್ತೊಂದು ಇರುವುದು ಬರುವ ವರ್ಷವೇ. ನಿಮ್ಮ ಉತ್ತರದ ಓಲೆ ತರಲು ಯಜಮಾನರನ್ನೇ ಬುಧವಾರ ಅಂಚೆಕಟ್ಟೆಗೆ ಕಳಿಸುತ್ತೇನೆ. ಹಿರಿಯರ ಕಾಗದ ಕೈಗೆ ಬರುವ ತನಕ ಅಲ್ಲಿಂದ ಏಳಬಾರದೆಂಬುದು ನಮ್ಮ ಕಟ್ಟಳೆ. ಅದನ್ನು ಅವರು ಮೀರುವವರಲ್ಲ. ಆದ್ದರಿಂದ ತಪ್ಪದೆ ಬರೆಯಿರಿ ಅಜ್ಜ, ಆದರೆ ಶುಕ್ರವಾರದ ಮೊದಲು ಮುಟ್ಟಿಸಬೇಡಿ.