ಮೂರು ಜೋಡಿಗೆ ಎರಡು ಮಡಕೆ

೧೪-೩-೨೦೨೪, ಗುರುವಾರ

ಪಂಜರದ ನೀಲಿ ಹೆಣ್ಣು ಹಕ್ಕಿಯ ಮೂರು ಮರಿಗಳೂ ಇವತ್ತು ಬೆಳಿಗ್ಗೆ ಸತ್ತಿದ್ದವು. ಮೊಟ್ಟೆಯಿಡಲು ಮಡಕೆ ಸಿಗದ ಹಳದಿ ಹೆಣ್ಣು ಒಳಗೆ ನುಗ್ಗಿ ಕುಕ್ಕಿ ಕೊಂದಿತ್ತು. ಇನ್ನೂ ಪುಕ್ಕವೂ ಬಂದಿರಲಿಲ್ಲ.

ಲವ್ ಬರ್ಡ್ಸ್ ಮೂರು ಜೋಡಿಯಾದಾಗಲೇ ಮೊಮ್ಮಗಳು ಅರ್ಪಣಾ ಇನ್ನೆರಡು ಮಡಕೆ ಕೇಳಿದ್ದಳು. ನಾನು ಬಿಡಲಿಲ್ಲ. ನಾವು ಮೂವರು ಓರಗಿತ್ತಿಯರು ಒಂದೇ ಕೋಣೆಯಲ್ಲಿ ಸರದಿಯಂತೆ ಬಾಣಂತನ ಮುಗಿಸಿದ ಮನೆ ಇದು.

"ಎರಡು ಸಾಕು. ಹೊಂದಿಕೊಂಡು ಹೋಗೋದು ಕಲೀಲಿ" ಎಂದಿದ್ದೆ.

"ಹಕ್ಕಿಗೂ ನಿಮ್ಮ ಕಾನೂನಾ ಅತ್ತೆ?" ಎಂದು ಸೊಸೆ ಶ್ರೀವಾಣಿ ನಕ್ಕಿದ್ದಳು.

ಮರಿಗಳನ್ನು ದಾಸವಾಳದ ಬುಡದಲ್ಲಿ ಹುಗಿದು ಬಂದ ಅರ್ಪಣಾ ನನ್ನ ಪಕ್ಕ ಕೂತಳು. ಸಿಟ್ಟು ಮಾಡುತ್ತಾಳೆ ಅಂದುಕೊಂಡಿದ್ದೆ.

"ಬೇಜಾರು ಮಾಡ್ಬೇಡಿ ಅಜ್ಜಿ. ಹೀಗಾಗ್ತದೆ ಅಂತ ನಿಮಗೆಂತ ಗೊತ್ತಿತ್ತಾ?" ಅಂದಳು.

ಇಲ್ಲವೆಂದು ತಲೆಯಾಡಿಸಿದೆ.

ಗೊತ್ತಿತ್ತು. ಹೋದ ತಿಂಗಳು ಕೊಪ್ಪಕ್ಕೆ ಕಾಳು ತರಲು ಹೋದಾಗ ಹಕ್ಕಿ ಅಂಗಡಿಯವನು ನನಗೇ ಹೇಳಿದ್ದ: "ಜೋಡಿಗಿಂತ ಒಂದು ಮಡಕೆ ಹೆಚ್ಚೇ ಇಡಿ ಅಮ್ಮಾ. ಇಲ್ಲಾಂದ್ರೆ ಹೆಣ್ಣುಗಳು ಒಂದರ ಮರಿ ಒಂದು ಕೊಂದು ಹಾಕ್ತವೆ ಮತ್ತೆ." ಸಂಸಾರ ನಡೆಸುವುದನ್ನು ಇವನಿಂದ ಕಲಿಯಬೇಕೇ ಎಂದು ಮನೆಯಲ್ಲಿ ಬಾಯಿ ಬಿಡಲಿಲ್ಲ.

ನೀಲಿ ಹೆಣ್ಣು ಸಂಜೆಯವರೆಗೂ ಖಾಲಿ ಮಡಕೆಯೊಳಗೆ ಹೋಗಿ ಹೋಗಿ ಬರುತ್ತಿತ್ತು. ನೋಡಲಾಗದೆ ಪಂಜರಕ್ಕೆ ಬಟ್ಟೆ ಮುಚ್ಚಿದೆ.

ಅರ್ಪಣಾ ನನ್ನನ್ನು ನಂಬಿ ಮಲಗಿದ್ದಾಳೆ. ಒಂಬತ್ತು ವರ್ಷದ ಕೂಸು. ಬೆಳಿಗ್ಗೆ ಅವಳಿಗೆ ನಿಜ ಹೇಳಬೇಕು. ಈ ಮನೆಯಲ್ಲಿ ನಾನು ಇದುವರೆಗೆ ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ. ಎಲ್ಲಿಂದ ಶುರುಮಾಡಲಿ? ಅವಳನ್ನು ಹತ್ತಿರ ಕೂರಿಸಿಕೊಂಡು ಮೊದಲು ಅಂಗಡಿಯವನ ಮಾತನ್ನೇ ಹೇಳುತ್ತೇನೆ.