ಹಿಂದಿನ ರೆಕ್ಕೆಯ ಚುಕ್ಕಿ

೧೨ ಅಕ್ಟೋಬರ್ ೧೯೧೩, ಭಾನುವಾರ. ದುರ್ಗ.

ಬೆಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ ತಿಂಗಳಾದರೂ ಅತ್ತೆ ಕನ್ನಡಕ ಮುಟ್ಟಿರಲಿಲ್ಲ. ನನಗೆ ಅದೇ ಚಿಂತೆಯಾಗಿತ್ತು. “ಹಾಕ್ಕಂಡ್ ಮ್ಯಾಲೂ ಕಾಣ್ದಿದ್ರೆ ಏನ್ ಮಾಡ್ಲವ್ವಾ?” ಎನ್ನುತ್ತಿದ್ದರು.

ಇವತ್ತು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದೆ. ಬಂಡೆಯ ಪಕ್ಕದ ಗಿಡದಲ್ಲಿ ಎರಡು ಚಿಟ್ಟೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಎರಡೂ ಕೇಸರಿ ಬಣ್ಣ, ಎರಡಕ್ಕೂ ಕಪ್ಪು ತುದಿಯಲ್ಲಿ ಬಿಳಿ ಪಟ್ಟೆ. ಆದರೆ ಜಾತಿ ಬೇರೆ. ಅದನ್ನು ಗುರುತಿಸಲು ನನಗೇ ಒಂದು ಮಳೆಗಾಲ ಹಿಡಿದಿತ್ತು. ಕಂಡದ್ದನ್ನೆಲ್ಲ ಅತ್ತೆಗೆ ಹೇಳುವುದು ನನ್ನ ರೂಢಿ. “ಇಲ್ಲಿ ಎರಡು ಚಿಟ್ಟೆ ಅವೆ ಅತ್ತೆ, ಥೇಟ್ ಅವಳಿಜವಳಿ” ಎಂದೆ, ಅವರ ಕಡೆ ತಿರುಗದೆ.

“ಎಲ್ಲಿ ಅವಳಿಜವಳಿ? ಅದರ ಹಿಂದಿನ ರೆಕ್ಕೆಗೆ ಒಂದೇ ಚುಕ್ಕಿ ಐತೆ. ಇದಕ್ಕೆ ಮೂರ್ ಅವೆ, ನೋಡು.”

ತಿರುಗಿದೆ. ಕನ್ನಡಕ ಮೂಗಿನ ಮೇಲಿತ್ತು! ಹತ್ತು ವರ್ಷ ಮಂಜು ಕವಿದಿದ್ದ ಕಣ್ಣು ಅಷ್ಟು ಸಣ್ಣ ಚುಕ್ಕಿಯನ್ನು ಒಂದೇ ನೋಟಕ್ಕೆ ಹಿಡಿಯಿತಲ್ಲ! ಆ ಬೆರಗು ಇನ್ನೂ ಇಳಿದಿಲ್ಲ.

ಆಮೇಲೆ ಅವರು ಚಿಟ್ಟೆ ಬಿಟ್ಟು ನನ್ನನ್ನೇ ನೋಡತೊಡಗಿದರು. ನಾನು ಸೊಸೆಯಾಗಿ ಬರುವ ಹೊತ್ತಿಗೇ ಅವರ ಕಣ್ಣು ಮಂಜಾಗಿತ್ತು. ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರು.

“ಕೆನ್ನೆ ಮ್ಯಾಲೆ ಮಚ್ಚೆ ಐತಲ್ಲೇ ನಿಂಗೆ! ಯಾರೂ ನಂಗೆ ಹೇಳೇ ಇಲ್ಲ.”